ದೂರದರ್ಶಕದ ಮುಂದಿನ ಸಾಲು

ಆಕಾಶ ಲೆಕ್ಕಕ್ಕೆ ಬಗ್ಗುತ್ತದೆ. ಗ್ರಹಣ ಯಾವ ನಿಮಿಷಕ್ಕೆ ಹಿಡಿದು ಯಾವ ನಿಮಿಷಕ್ಕೆ ಬಿಡುತ್ತದೆ ಎಂದು ನೂರು ವರ್ಷ ಮೊದಲೇ ಹೇಳಿಬಿಡಬಹುದು. ಆದರೆ ಅದನ್ನು ನೋಡಲು ಬಂದು ಸಾಲಿನಲ್ಲಿ ನಿಂತವರು ಮುಂದಿನ ನಿಮಿಷ ಏನು ಕೇಳುತ್ತಾರೆ ಎಂದು ಹೇಳುವ ಗಣಿತ ಇನ್ನೂ ಹುಟ್ಟಿಲ್ಲ. ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ.

ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ. ವಾರವಿಡೀ ಪ್ರಯೋಗಾಲಯ, ಶನಿವಾರ ಸಂಜೆ ಏಳರಿಂದ ಒಂಬತ್ತರವರೆಗೆ ಹಳೆಯ ವೀಕ್ಷಣಾಲಯದ ಗುಮ್ಮಟ ತೆರೆದು ಸಾರ್ವಜನಿಕರಿಗೆ ಆಕಾಶ ತೋರಿಸುವುದು. ಏಳು ಅಂದರೆ ಏಳು. ಮೊಬೈಲಿನ ಟಾರ್ಚ್ ಹಚ್ಚಬಾರದು, ದೂರದರ್ಶಕವನ್ನು ಬಸ್ಸಿನ ಕಂಬದ ಹಾಗೆ ಹಿಡಿದು ನಿಲ್ಲಬಾರದು, ಒಬ್ಬರಿಗೆ ನಲವತ್ತು ಸೆಕೆಂಡು. ಇಷ್ಟೇ ನಿಯಮ. ನನ್ನ ಜೊತೆಗಿರುವ ಮೆಕ್ಯಾನಿಕ್ ಬೀದರ್ ಕಡೆಯವರು, ನನಗಿಂತ ಹಿರಿಯರು. ಬಂದವರಿಗೆ ಅವರು ಮೊದಲು ಕುಡಿಯಲು ನೀರು ಕೊಡುತ್ತಾರೆ, ಆಮೇಲೆ ಮೆಲ್ಲಗೆ ಎಚ್ಚರಿಕೆ ಕೊಡುತ್ತಾರೆ: "ನಮ್ಮ ಸಾಹೇಬ್ರು ಭಾಳ ಖಡಕ್ ಇದ್ದಾರ. ಗ್ರಹಕ್ಕ ಹೆದರಬ್ಯಾಡ್ರಿ, ಇವರಿಗಿ ಹೆದರ್ರಿ."

ಆ ವರ್ಷ ನವೆಂಬರಿನಲ್ಲಿ ಒಂದು ಪತ್ರ ಬಂತು. ಪರೀಕ್ಷಾ ವಿಭಾಗಕ್ಕೆ ಉತ್ತರಪತ್ರಿಕೆಗಳ ಕಟ್ಟು ಇಡಲು ಜಾಗ ಸಾಲುತ್ತಿಲ್ಲ. ಗುಮ್ಮಟ ವಾರಕ್ಕೆ ಎರಡೇ ಗಂಟೆ ಬಳಕೆಯಾಗುತ್ತಿದೆ. ಮೇ ತಿಂಗಳಲ್ಲಿ ಮೂವರು ಸದಸ್ಯರ ಸಮಿತಿ ಬಂದು, ಜನ ಅಲ್ಲಿ ನಿಜವಾಗಿ ಏನಾದರೂ ನೋಡುತ್ತಾರೋ ಇಲ್ಲವೋ ಪರಿಶೀಲಿಸಿ, ಶನಿವಾರದ ಕಾರ್ಯಕ್ರಮ ಉಳಿಯಬೇಕೋ ಬೇಡವೋ ತೀರ್ಮಾನಿಸುತ್ತದೆ.

ಮೆಕ್ಯಾನಿಕ್ ಪತ್ರವನ್ನು ಎರಡು ಸಲ ಓದಿಸಿಕೊಂಡರು. "ಅಂದ್ರ, ಚುಕ್ಕಿ ನೋಡೋ ಜಾಗದಾಗ ನಾಪಾಸಾದ ಪೇಪರ್ ಇಡ್ತಾರಂತೇನ್ರಿ?"

"ಆರು ತಿಂಗಳಿದೆ. ಕೆಲಸ ಶಿಸ್ತಾಗಿ ನಡೆದರೆ ಯಾವ ಸಮಿತಿಯೂ ಏನೂ ಮಾಡಲಾರದು," ಎಂದೆ.

ಮುಂದಿನ ಶನಿವಾರವೇ ಶಿಸ್ತಿನ ಗತಿ ಹೀಗಾಯಿತು.

ಹನ್ನೊಂದು ಜನಕ್ಕೆ ಕಂಡ ಶನಿ

ಕಾಂಪೌಂಡಿನಾಚೆ ನಲವತ್ತು ಮಹಡಿಯ ಅಪಾರ್ಟ್‌ಮೆಂಟ್ ಏಳುತ್ತಿದೆ. ಗಾಳಿ ಬೀಸಿದರೆ ಸಿಮೆಂಟಿನ ದೂಳೆಲ್ಲ ನಮ್ಮ ಕಡೆಗೆ. ಅಂದು ಶನಿಗ್ರಹಕ್ಕೆ ಗುರಿಯಿಟ್ಟು ಎಲ್ಲ ಹೊಂದಿಸಿದ ಮೇಲೆ ಗಾಳಿ ಎದ್ದಿತೆಂದು ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿದ್ದೆ. ಅಷ್ಟರಲ್ಲಿ ಸಾಲಿನಲ್ಲಿ ಯಾರೋ ಟಾರ್ಚ್ ಹಚ್ಚಿದರು. ಅವರನ್ನು ಗದರಿಸಿ ಬಂದು, "ಒಬ್ಬೊಬ್ಬರಾಗಿ ಬನ್ನಿ" ಎಂದೆ.

ಮೊದಲನೆಯವರು ಕಣ್ಣಿಟ್ಟರು. "ಸೂಪರ್ ಸರ್." ಎರಡನೆಯವರು ತೆಲುಗಿನಲ್ಲಿ, "ಚಾಲಾ ಬಾಗುಂದಿ," ತುಂಬ ಚೆನ್ನಾಗಿದೆ ಎಂದರು. ಮೂರನೆಯವರು ಹೆಂಡತಿಯನ್ನು ಕರೆದು, "ಉಂಗುರ ನೋಡು, ಉಂಗುರ" ಎಂದರು. ಆಕೆಯೂ ನೋಡಿ ತಲೆಯಾಡಿಸಿದರು. ಹೀಗೆ ಹನ್ನೊಂದು ಜನ. ಇಷ್ಟು ತೃಪ್ತ ಜನರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಮಿತಿ ಇವತ್ತೇ ಬರಬಾರದಿತ್ತೇ ಎನ್ನಿಸಿತು.

ಹನ್ನೆರಡನೆಯವರು ಬೇಗಂಪೇಟೆಯಿಂದ ಬಂದಿದ್ದ ವಯಸ್ಸಾದ ಹೆಂಗಸು. ಕಣ್ಣಿಟ್ಟರು, ತೆಗೆದರು. "ನನಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ."

"ಸ್ವಲ್ಪ ನಿಧಾನವಾಗಿ ನೋಡಿ ಅಮ್ಮ. ನಿಮಗಿಂತ ಮೊದಲು ಹನ್ನೊಂದು ಜನಕ್ಕೆ ಕಂಡಿದೆ."

ಇನ್ನೊಮ್ಮೆ ನೋಡಿದರು. "ಕತ್ತಲೆ."

"ಈ ವಯಸ್ಸಿಗೆ ಪೊರೆ ಬಂದಿದ್ದರೆ ಹಾಗಾಗುತ್ತದೆ," ಎಂದು ನಾನು ಸಮಾಧಾನ ಹೇಳಿದೆ.

"ಪೊರೆಯೇ? ನಲವತ್ತು ವರ್ಷ ಈ ಊರಿನವರ ಪೊರೆ ತೆಗೆದವಳು ನಾನು. ಕಣ್ಣಿನ ಡಾಕ್ಟರು."

ಮೆಕ್ಯಾನಿಕ್ ನನ್ನ ತೋಳು ಮುಟ್ಟಿದರು. "ಸರ್... ಮುಚ್ಚಳ."

ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ನೋಡುತ್ತ ನಿಂತರು. ಡಾಕ್ಟರಮ್ಮ ಚೀಲದಿಂದ ಔಷಧಿ ಚೀಟಿಯ ಪುಸ್ತಕ ತೆಗೆದು, "ಈ ಹನ್ನೊಂದೂ ಜನ ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಬರಲಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚಳ ಕಾಣದವರು ಭಾನುವಾರವೇ ಬರಬೇಕು."

ಶನಿ ಕಡೆಯಿಂದ ಬರುವ ದಾರಿ

ಅಲ್ಲಿಂದ ಮುಂದೆ ಒಂದು ನಿಯಮ ಹೆಚ್ಚಾಯಿತು. ಬಾಗಿಲಲ್ಲಿ ಫಲಕ ಹಾಕಿಸಿದೆ: "ಕಾಣದಿದ್ದರೆ ಕಾಣಲಿಲ್ಲ ಎನ್ನಿ. ಅನುಮಾನವಿದ್ದರೆ ಕೇಳಿ." ಕೇಳಿ ಎಂದು ಬರೆದದ್ದಕ್ಕೆ ಅದೇ ತಿಂಗಳು ಅನುಭವಿಸಿದೆ.

ಮಾದಾಪುರದ ಕಂಪನಿಯೊಂದರಿಂದ ಆರು ಜನ ಇಂಜಿನಿಯರುಗಳು ಬಂದರು. ಅವರಲ್ಲಿ ಒಬ್ಬ ಹುಬ್ಬಳ್ಳಿಯವನು. ಶನಿಯನ್ನು ನೋಡಿದ. ಮತ್ತೆ ನೋಡಿದ. ದೂರದರ್ಶಕದ ಇನ್ನೊಂದು ತುದಿಗೆ ಹೋಗಿ ಒಳಗೆ ಇಣುಕಿದ.

"ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಳಗ ಸ್ಟಿಕರ್ ಹಚ್ಚೀರೇನು?"

ಬೇರೆ ದಿನವಾಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಆದರೆ ಫಲಕ ನನ್ನದೇ. ಗ್ರಹವನ್ನು ಹಿಂಬಾಲಿಸಲು ದೂರದರ್ಶಕವನ್ನು ತಿರುಗಿಸುವ ಮೋಟರನ್ನು ಬಂದ್ ಮಾಡಿ, "ಈಗ ನೋಡು," ಎಂದೆ. ಸ್ವಲ್ಪ ಹೊತ್ತಿಗೆ ಅವನು ಕೂಗಿದ. "ಹೊಂಟು! ಹೊಂಟು! ಓಡಿ ಹೋತ್ರಿ ಸರ್!"

"ಅದು ಓಡಲಿಲ್ಲ. ಭೂಮಿ ತಿರುಗುತ್ತಿದೆ. ಓಡಿದ್ದು ನೀನು."

ಅವನು ನೆಲ ನೋಡಿಕೊಂಡ. ಒಂದು ಕಾಲು ಎತ್ತಿ ಇಟ್ಟ. ಅವನ ಮುಖದಲ್ಲಿ ಆಗ ಬಂದ ಬೆರಗಿಗಾಗಿ ನಾನು ಹತ್ತು ಸ್ಟಿಕರ್ ಪ್ರಶ್ನೆಗಳನ್ನಾದರೂ ಕ್ಷಮಿಸಬಲ್ಲೆ. ಮೋಟರು ಮತ್ತೆ ಹಾಕಿದೆ. "ಹಂಗಾದ್ರ ಇದು ಲೈವ್ ರಿ?" ಎಂದ.

"ಪೂರ್ತಿ ಅಲ್ಲ. ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು."

"ಅಂದ್ರ ಈಗ ಅಲ್ಲಿ ಶನಿ ಐತೋ ಇಲ್ಲೋ ನಿಮಗ ಗೊತ್ತಿಲ್ಲ?"

"ಒಂದು ಗಂಟೆ ಇಪ್ಪತ್ತು ನಿಮಿಷದ ಹಿಂದೆ ಇತ್ತು. ಖಚಿತವಾಗಿ ಹೇಳಬಲ್ಲದ್ದು ಅಷ್ಟೇ."

ಆರೂ ಜನ ಮುಖ ಮುಖ ನೋಡಿಕೊಂಡರು. ಹುಬ್ಬಳ್ಳಿಯವನು ಹೇಳಿದ: "ಮಾದಾಪುರದಿಂದ ಇಲ್ಲಿಗೆ ಬರಾಕ ನಮ್ಮ ಕ್ಯಾಬಿಗೂ ಕರೆಕ್ಟ್ ಅಷ್ಟ ಹೊತ್ತು ಹತ್ತೇತ್ರಿ ಸರ್. ಮುಂದಿನ ವಾರ ಶನಿ ಕಡಿಂದ ಹಾದು ಬರ್ತೀವಿ."

ಮೂರು ಕನ್ನಡಿ

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ನನ್ನ ಬಾಯಲ್ಲಿ ಶನಿ ಯಾವಾಗಲೂ 'ಸ್ಯಾಟರ್ನ್'. ಹಾಗಾಗಿ ಎಷ್ಟೋ ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಡಿಸೆಂಬರಿನ ಒಂದು ಶನಿವಾರ ನನ್ನ ಗಂಟಲು ಕಟ್ಟಿತ್ತು. ಮೆಕ್ಯಾನಿಕ್ ಮೈಕು ಹಿಡಿದು, ಭಕ್ತಿಯಿಂದಲೇ, "ಈಗ ಎಲ್ಲರೂ ಶನಿಮಹಾತ್ಮನ ನೋಡಾಕ ಬರ್ರಿ" ಎಂದು ಸಾರಿದರು. ಅರ್ಧ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು.

ಸಾಲಿನ ಮುಂದೆ ಇದ್ದದ್ದು ಕಲಬುರ್ಗಿ ಕಡೆಯ ಕುಟುಂಬ. ಮಗ ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಿಂತುಬಿಟ್ಟರು.

"ನಾ ಒಲ್ಲೆ. ಮೊದಲೇ ನಮ್ಮ ಮನ್ಯಾಗ ಸಾಡೇಸಾತಿ ನಡದದ. ಅವನ ದೃಷ್ಟಿ ಬೀಳಬಾರದಂತ ನಾವು ಗುಡ್ಯಾಗ ಸುದ್ದಾ ಬಾಜೂಕ ನಿಂತು ಕೈ ಮುಗೀತೀವಿ. ನೀವು ನೋಡಿದ್ರ ದುರ್ಬೀನ್ ಹಚ್ಚಿ ಸೀದಾ ಕಣ್ಣಾಗ ಕಣ್ಣಿಡು ಅಂತೀರಿ!"

"ಅಮ್ಮ, ಅದೊಂದು ಗ್ರಹ. ಅದಕ್ಕೆ ಕಣ್ಣಿಲ್ಲ."

"ನಿಮಗ ಕಂಡಿಲ್ಲ ಅಂತ ಅನ್ರಿ. ಇಲ್ಲ ಅಂತ ಹ್ಯಾಂಗ ಅಂತೀರಿ?"

ನನ್ನ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಕಲಿಸಿಯೂ ಬಾರದ ತರ್ಕ ಇದು. ಆಕೆ ದೂರದರ್ಶಕವನ್ನು ಸುತ್ತು ಹಾಕಿ ನೋಡಿ ಕೇಳಿದರು: "ಇದರಾಗ ಸೀದಾ ಕಾಣ್ತದೋ, ಕನ್ನಡ್ಯಾಗ ಬಿದ್ದು ಕಾಣ್ತದೋ?"

"ಕನ್ನಡಿಯಲ್ಲಿ. ಹಿಂದೆ ಒಂದು ದೊಡ್ಡದು, ಮುಂದೆ ಒಂದು ಚಿಕ್ಕದು, ಕಣ್ಣಿಡುವ ಜಾಗದಲ್ಲಿ ಇನ್ನೊಂದು. ಒಟ್ಟು ಮೂರು."

"ಮೂರು ಕನ್ನಡಿ!" ಆಕೆಯ ಮುಖ ಅರಳಿತು. "ಮತ್ತ ಮೊದಲ ಹೇಳಬಾರದಾ? ಮೂರು ಕಡಿ ಬಡದು ಬರೂದ್ರಾಗ ಅವನ ಸಿಟ್ಟೆಲ್ಲ ಇಳದಿರ್ತದ."

ಕಣ್ಣಿಟ್ಟರು. ನಲವತ್ತು ಸೆಕೆಂಡು ಕಳೆಯಿತು. ಒಂದು ನಿಮಿಷವಾಯಿತು. ನನ್ನ ಕೈಗಡಿಯಾರವನ್ನು ಎರಡು ಸಲ ಆಕೆಗೆ ಕಾಣುವ ಹಾಗೆ ಎತ್ತಿದೆ. ಕೊನೆಗೆ ಮೆಲ್ಲಗೆ ಅಂದರು: "ಯವ್ವಾ, ಎಷ್ಟು ಚೆಂದ ಇದ್ದಾನ! ಬಂಗಾರದ ಬಳಿ ಹಾಕ್ಕೊಂಡು ತನ್ನ ಪಾಡಿಗೆ ತಾ ಕುಂತಾನ. ಇಷ್ಟು ಸಣ್ಣ ಜೀವದ ಮ್ಯಾಲ ವಾರಾ ವಾರಾ ಅಷ್ಟು ಎಣ್ಣಿ ಸುರುವಿದೆನಲ್ಲ, ಪಾಪ!"

ಕಂಬಕ್ಕೆ ನಾಲ್ಕು ಕಡೆ

ಮೇ ಬಂತು. ಸಮಿತಿಗೆ ಇನ್ನು ಒಂದು ವಾರ. ಅದಕ್ಕೂ ಮೊದಲು ಶೂನ್ಯ ನೆರಳಿನ ದಿನ ಇತ್ತು. ವರ್ಷಕ್ಕೆ ಎರಡು ದಿನ ನಮ್ಮ ಊರಿನಲ್ಲಿ ಸೂರ್ಯ ನಡುನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಆ ನಿಮಿಷ ಮಾಯವಾಗುತ್ತದೆ. ಅದನ್ನು ತೋರಿಸಲು ಹುಲ್ಲುಹಾಸಿನ ಮೇಲೆ ಕಂಬ ನಿಲ್ಲಿಸಿದ್ದೆ. ಶಾಲೆಯ ಮಕ್ಕಳು, ಅಧ್ಯಾಪಕರು, ಸುಮಾರು ಇನ್ನೂರು ಜನ. ವಿಭಾಗದ ಮುಖ್ಯಸ್ಥರು ನನ್ನ ಕಿವಿಯಲ್ಲಿ, "ಇದು ಸರಿಯಾಗಿ ಆಗಲಿ. ಸಮಿತಿಯವರ ಕಿವಿಗೆ ಬೀಳುತ್ತದೆ," ಎಂದರು. ಕಂಬ ನೆಟ್ಟಗಿದೆಯೇ ಎಂದು ನಾನು ರಸಮಟ್ಟ ಹಿಡಿದು ಮೂರು ಸಲ ಪರೀಕ್ಷೆ ಮಾಡಿದ್ದೆ.

ಹನ್ನೆರಡು ಗಂಟೆ ಹನ್ನೆರಡು ನಿಮಿಷಕ್ಕೆ ನೆರಳು ಹೋಗಬೇಕು. ಹನ್ನೆರಡು ಎಂಟಕ್ಕೆ ನೋಡಿದರೆ, ಹೋಗಬೇಕಾದ ದಿಕ್ಕು ಬಿಟ್ಟು ಪಕ್ಕಕ್ಕೆ ಎರಡು ಬೆರಳಷ್ಟು ನೆರಳು ಕೂತಿದೆ. ಅಲುಗಾಡುತ್ತಿಲ್ಲ. ಮುಖ್ಯಸ್ಥರು ನನ್ನನ್ನು ನೋಡಿದರು. ನಾನು ಸೂರ್ಯನನ್ನು ನೋಡಲಾಗದೆ ಪಂಚಾಂಗದ ಹಾಳೆ ನೋಡಿದೆ.

ಕಾಂಪೌಂಡಿನ ಮೇಲಿಂದ ಒಂದು ದನಿ ಬಂತು. "ಸಾಹೇಬ್ರ, ಕಂಬ ಸೊಟ್ಟ ಐತ್ರಿ."

ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವ ಗೌಂಡಿ, ರಾಯಚೂರು ಕಡೆಯವನು. ಊಟದ ಬಿಡುವಿನಲ್ಲಿ ಗೋಡೆಯ ಮೇಲೆ ಕೂತು ನೋಡುತ್ತಿದ್ದ.

"ಉಪಕರಣ ಇಟ್ಟು ನೋಡಿದ್ದೇನೆ. ನೆಟ್ಟಗಿದೆ."

"ಯಾವ ಕಡಿ ನೋಡೀರಿ?"

"ಈ ಕಡೆ."

"ಮೂರು ಸಲಾನೂ?"

"ಮೂರು ಸಲವೂ."

"ಕಂಬಕ್ಕ ನಾಕ ಕಡಿ ಇರ್ತಾವ್ರಿ," ಎಂದು ಗೋಡೆಯಿಂದ ಧುಮುಕಿದ. ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಜೇಬಿನಿಂದ ತೆಗೆದು ಇಳಿಬಿಟ್ಟ. ನಾನು ನೋಡದ ಕಡೆಗೆ ಕಂಬ ವಾಲಿದ್ದು ಇನ್ನೂರು ಜನಕ್ಕೂ ಕಂಡಿತು. ಎರಡು ಟೈಲ್ಸ್ ಚೂರು ಬುಡಕ್ಕೆ ಸೇರಿಸಿ ಗುದ್ದಿದ, ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಮ್ಮೆ ಗುದ್ದಿದ. ಹನ್ನೆರಡು ಹನ್ನೆರಡಕ್ಕೆ ನೆರಳು ಕಂಬದೊಳಕ್ಕೆ ಇಂಗಿಹೋಯಿತು. ಮಕ್ಕಳೆಲ್ಲ ಹೋ ಎಂದರು. ಗೌಂಡಿ ಮಾತ್ರ ಮೊಣಕಾಲೂರಿ ಕಂಬದ ಬುಡವನ್ನೇ ನೋಡುತ್ತಿದ್ದ.

"ಇದು ನಮ್ಮ ರಾಯಚೂರಾಗೂ ಆಕ್ಕತೇನ್ರಿ?"

"ಆಗುತ್ತದೆ. ಅಲ್ಲಿ ನಾಲ್ಕು ದಿನ ಮೊದಲೇ ಆಗಿಹೋಯಿತು."

"ಇಪ್ಪತ್ತು ವರ್ಷ ಬಿಸಲಾಗ ಗ್ವಾಡಿ ಕಟ್ಟೀನ್ರಿ. ನೆರಳು ಹೋಗೂದು ಒಮ್ಮೆನೂ ನೋಡಿಲ್ಲ. ಆ ಹೊತ್ತಿಗೆ ಊಟಕ್ಕ ಕುಂತಿರ್ತೀನಿ."

ನಾನು ಅವನ ಕೈ ಕುಲುಕಿದೆ. ತಪ್ಪು ನನ್ನದೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನು ಹೊರಡಲು ಎದ್ದ. ಹೊರಟವನು ನಿಂತು ನಮ್ಮ ವೀಕ್ಷಣಾಲಯದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಮುಖ್ಯಸ್ಥರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ಗುಮ್ಮಟದ್ದೂ ಹೇಳ್ಲೇನ್ರಿ, ಇಲ್ಲಾ ಬ್ಯಾಡೋ?"

ಸಮಿತಿ ಕಂಡದ್ದು

ಸಮಿತಿ ಬರುವ ಶನಿವಾರ ನಾಲ್ಕು ಗಂಟೆಗೇ ಮೋಡ ಕವಿಯಿತು. ಅಂದು ತೋರಿಸಬೇಕಾಗಿದ್ದದ್ದು ಪಶ್ಚಿಮಕ್ಕಿದ್ದ ಗುರುಗ್ರಹ. ಆರೂವರೆಗೆ ಮೆಕ್ಯಾನಿಕ್ ಒಂದು ಸಣ್ಣ ಬಣ್ಣದ ಚಿತ್ರ ಹಿಡಿದು ಬಂದರು.

"ಸರ್, ಗುರುವಿಂದು. ಇದನ್ನ ಅಲ್ಲಿ ನೀರಿನ ಟಾಕಿಗಿ ಹಚ್ಚಿ ಹಿಂದ ಒಂದು ಬಲ್ಬ್ ಇಟ್ಟು ಬರ್ತೀನಿ. ದುರ್ಬೀನ್ ಆ ಕಡಿ ತಿರುವ್ರಿ. ಯಾವ ಸಮಿತಿಗೂ ಗೊತ್ತಾಗಂಗಿಲ್ಲ."

"ನನಗೆ ಗೊತ್ತಾಗುತ್ತದೆ."

"ನಿಮ್ಮನ್ನೇನು ಸಮಿತಿ ಕೇಳಂಗಿಲ್ಲಲ್ರಿ! ಸರ್, ಇದು ಹೋದ್ರ ಮತ್ತ ಬರಂಗಿಲ್ಲ. ಆ ಕಲಬುರ್ಗಿ ಅವ್ವ ವಾರಾ ವಾರಾ ಬರ್ತಾಳ. ಅಕಿಗಿ ಏನಂತ ಹೇಳ್ಲಿ?"

ಚಿತ್ರ ಇಸಿದುಕೊಂಡು ಮೇಜಿನ ಒಳಗಿಟ್ಟು ಬೀಗ ಹಾಕಿದೆ.

ಮೂವರೂ ಬಂದರು. ಅಧ್ಯಕ್ಷರು ಪರೀಕ್ಷಾ ನಿಯಂತ್ರಕರು, ಎಂದರೆ ಗುಮ್ಮಟ ಕೇಳಿದವರೇ. ಜೊತೆಗೆ ಇತಿಹಾಸದ ಪ್ರೊಫೆಸರು, ಕಟ್ಟಡ ವಿಭಾಗದ ಇಂಜಿನಿಯರು. ಅವರು ಮಾತಾಡಿದ್ದು ತೆಲುಗು ಇಂಗ್ಲಿಷ್ ಬೆರೆಸಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇವತ್ತು ಮೋಡವಿದೆ. ಏನೂ ಕಾಣುವುದಿಲ್ಲ," ಎಂದು ಹೇಳಿದೆ. ಅಧ್ಯಕ್ಷರಿಗೆ ಬೇಸರವಾದಂತೆ ಕಾಣಲಿಲ್ಲ. ಅವರು ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತ, ರ‍್ಯಾಕು ಎಲ್ಲಿ ಬರಬೇಕೆಂದು ಇಂಜಿನಿಯರಿಗೆ ತೋರಿಸತೊಡಗಿದರು.

ಮೋಡ ಸರಿದೀತೆಂದು ಮೋಟರನ್ನು ಚಾಲೂ ಇಟ್ಟಿದ್ದೆ. ಮೋಡದ ಹಿಂದಿನ ಗುರುವನ್ನು ಹಿಂಬಾಲಿಸುತ್ತ ದೂರದರ್ಶಕ ನಿಧಾನವಾಗಿ ಪಶ್ಚಿಮಕ್ಕೆ ಇಳಿಯುತ್ತಿತ್ತು. ಹೊರಡುವ ಮುಂಚೆ ಅಧ್ಯಕ್ಷರು ಸುಮ್ಮನೆ ಕಣ್ಣಿಟ್ಟು, ಕೈಗೆ ಸಿಕ್ಕ ತಿರುಪು ತಿರುಗಿಸಿದರು.

"ಕಾಣುತ್ತಿದೆ."

"ಸಾಧ್ಯವಿಲ್ಲ ಸರ್."

"ಹಳದಿ ಬೆಳಕು. ನಡುವೆ... ಒಬ್ಬ ಮನುಷ್ಯ."

"ಗುರುಗ್ರಹದಲ್ಲೇ?" ಎಂದರು ಇತಿಹಾಸದವರು.

"ಊಟ ಮಾಡುತ್ತಿದ್ದಾನೆ. ಅನ್ನ, ಬೇಳೆಯ ಪಪ್ಪು. ಛೀ! ಎಡಗೈಯಲ್ಲಿ ತಿನ್ನುತ್ತಿದ್ದಾನಲ್ರೀ!"

ನಾನು ಮೋಟರು ಬಂದ್ ಮಾಡಿ ನೋಡಿದೆ. ನಲವತ್ತು ಮಹಡಿ ಕಟ್ಟಡದ ನೆತ್ತಿಯ ಮೇಲೆ ಟವರ್ ಕ್ರೇನ್. ಅದರ ಕ್ಯಾಬಿನ್ನಿನಲ್ಲಿ ದೀಪ ಹಾಕಿಕೊಂಡು ಚಾಲಕ ಡಬ್ಬಿ ಬಿಚ್ಚಿದ್ದ. ಅನ್ನದ ಅಗುಳು ಎಣಿಸಬಹುದಿತ್ತು. "ಇದು ಗ್ರಹವಲ್ಲ, ಕ್ರೇನ್," ಎಂದೆ. "ಆತ ತಿನ್ನುತ್ತಿರುವುದು ಬಲಗೈಯಲ್ಲಿ. ಕಣ್ಣಿಡುವ ಜಾಗದ ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ."

"ನಾನೇ ನೋಡಿದೆ. ಎಡಗೈ." ಇಂಜಿನಿಯರು ನೋಡಿದರು: ಎಡಗೈ. ಇತಿಹಾಸದವರು ನೋಡಿದರು: ಎಡಗೈ.

ನಾನು ಆ ಕನ್ನಡಿಯನ್ನೇ ಬಿಚ್ಚಿದೆ. ಈಗ ಬಿಂಬ ತಲೆಕೆಳಗು. ಕೈ ಮಾತ್ರ ನಿಜ. ಅಧ್ಯಕ್ಷರು ಸ್ಟೂಲಿನ ಮೇಲೆ ಮೊಣಕಾಲೂರಿ, ತಲೆಯನ್ನು ಆದಷ್ಟು ಬುಡಮೇಲು ಮಾಡಿ, ಕಣ್ಣಿಟ್ಟರು. ಮೆಕ್ಯಾನಿಕ್ ಅವರ ಸೊಂಟ ಹಿಡಿದುಕೊಂಡರು.

"ಬಲಗೈ! ರೀ, ಬಲಗೈ!"

"ಈಗ ಕೈ ಬದಲಾಯಿಸಿರಬಹುದು," ಎಂದರು ಇತಿಹಾಸದವರು.

ಕನ್ನಡಿ ಹಾಕಿದೆ: ಎಡಗೈ. ತೆಗೆದೆ: ಬಲಗೈ. ಮತ್ತೆ ಹಾಕಿದೆ. ಮೂವರೂ ಸರದಿಯಂತೆ ಸ್ಟೂಲು ಹತ್ತಿದರು, ತಲೆ ಬುಡಮೇಲು ಮಾಡಿದರು, ವಾದ ಮಾಡಿದರು. ಕನ್ನಡಿ ಎಡಬಲ ಮಾತ್ರ ಯಾಕೆ ಬದಲಿಸುತ್ತದೆ, ಮೇಲೆ ಕೆಳಗೆ ಯಾಕಿಲ್ಲ ಎಂದು ಅಧ್ಯಕ್ಷರು ಕೇಳಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅಷ್ಟರಲ್ಲಿ ಇಂಜಿನಿಯರು ಕೂಗಿದರು: "ಅಯ್ಯೋ, ಕೈ ತೊಳೆಯುತ್ತಿದ್ದಾನೆ!"

"ಇಷ್ಟು ಬೇಗವೇ?" ಅಧ್ಯಕ್ಷರಿಗೆ ನಿಜಕ್ಕೂ ಸಂಕಟವಾಯಿತು. "ಇನ್ನೊಂದು ಸ್ವಲ್ಪ ಬಡಿಸಿಕೊಳ್ಳಬಾರದೇ?"

ಒಂಬತ್ತಕ್ಕೆ ಸಮಿತಿಯ ನಮೂನೆ ತುಂಬಬೇಕಾಗಿ ಬಂತು. 'ವೀಕ್ಷಿಸಿದ ಆಕಾಶಕಾಯ' ಎಂಬಲ್ಲಿ ಮೆಕ್ಯಾನಿಕ್ ಪಿಸುಗುಟ್ಟಿದರು: "ಗುರು ಅಂತ ಬರೀರಿ ಸರ್. ಮೋಡದ ಹಿಂದ ಇದ್ನಲ್ಲ, ಸುಳ್ಳೇನಲ್ಲ." ನಾನು 'ಯಾವುದೂ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಮೆಕ್ಯಾನಿಕ್ ಗೋಡೆಯ ಕಡೆ ಮುಖ ಮಾಡಿ ನಿಂತರು.

ಹದಿನೈದು ದಿನದಲ್ಲಿ ವರದಿ ಬರಬೇಕು; ಬರಲಿಲ್ಲ. ತಿಂಗಳಾಯಿತು, ಬರಲಿಲ್ಲ. ನಿಯಮ ಅಂದರೆ ನಿಯಮ: ವರದಿ ಬೇಗ ಸಲ್ಲಿಸಬೇಕೆಂದು ನಾನು ಜ್ಞಾಪನಾ ಪತ್ರ ಬರೆಯಲು ಕೂತೆ. ಮೆಕ್ಯಾನಿಕ್ ಪೆನ್ನು ಹಿಡಿದುಕೊಂಡುಬಿಟ್ಟರು. "ಸರ್, ಕೈ ಮುಗೀತೀನಿ. ಮಲಗಿದ ಕಾಗದ ಯಾಕ ಎಬ್ಬಸ್ತೀರಿ?" ಆದರೂ ಬರೆದೆ, ಕಳಿಸಿದೆ.

ಉತ್ತರ ಬಂತು. ಮೂವರ ಸಹಿ, ಕೆಳಗೆ ಮೊಹರು. ಅದರ ಸಾರ ಇಷ್ಟು: "ನಿಮ್ಮ ಪತ್ರ ತಲುಪಿದೆ. ಎಡಗೈಯೋ ಬಲಗೈಯೋ ಎಂಬ ವಿಷಯದಲ್ಲಿ ಇತಿಹಾಸ ವಿಭಾಗದ ಸದಸ್ಯರು ಭಿನ್ನಾಭಿಪ್ರಾಯ ದಾಖಲಿಸಿರುವುದರಿಂದ ಸಮಿತಿಯ ಪರಿಶೀಲನೆ ಪೂರ್ಣಗೊಂಡಿರುವುದಿಲ್ಲ. ಸದರಿ ಕ್ರೇನ್ ಚಾಲಕರು ರಜೆಯ ಮೇಲೆ ಸ್ವಂತ ಊರಿಗೆ ತೆರಳಿರುತ್ತಾರೆ. ಅವರು ಮರಳಿ ಬಂದು ಊಟಕ್ಕೆ ಕೂರುವವರೆಗೆ ಗುಮ್ಮಟದಲ್ಲಿ ಯಥಾಸ್ಥಿತಿ ಕಾಪಾಡತಕ್ಕದ್ದು."